‘ಮೊಂತೆ’ ಎಂದರೆ ಗುಡ್ಡ. ಇಸ್ಪೀಟಿನ ಜೂಜಿಗೆ ಆ ಹೆಸರೇಕೆ?

ಯುರೋಪ್ ಪ್ರವಾಸಕ್ಕೆ ಹೊರಟವರಿಗೆ ಸಿಗುವ ಎಚ್ಚರಿಕೆಗಳಲ್ಲಿ ಒಂದು ಹೆಸರು ಮತ್ತೆ ಮತ್ತೆ ಬರುತ್ತದೆ: ‘ತ್ರೀ ಕಾರ್ಡ್ ಮಾಂಟಿ’. ಮೂರು ಎಲೆಗಳನ್ನು ಅತ್ತಿತ್ತ ಸರಿಸಿ ‘ರಾಣಿ ಎಲ್ಲಿದ್ದಾಳೆ ಹೇಳು’ ಎಂದು ದಾರಿಹೋಕರ ಹಣ ಕೀಳುವ ಬೀದಿ ಆಟ ಅದು. ಹಳೆಯ ಕೌಬಾಯ್ ಸಿನಿಮಾ ನೋಡಿದವರೂ ‘ಮಾಂಟಿ’ಯ ಹೆಸರು ಕೇಳಿರುತ್ತಾರೆ. ಆದರೆ ಮೂಲ ಮಾಂಟಿಯಲ್ಲಿ ಇದ್ದದ್ದು ಮೂರು ಎಲೆಯಲ್ಲ, ನಲವತ್ತು. ಅದು ಸ್ಪೇನಿನ ಜೂಜು. ಅಲ್ಲಿಯವರು ಅದನ್ನು ಕರೆಯುವುದು ‘ಮೊಂತೆ’ ಎಂದು, ಒ ಮತ್ತು ಎ ಎರಡೂ ಹ್ರಸ್ವ, ತ ಹಲ್ಲಿಗೆ ತಾಗುವ ತಕಾರ. ಇಂಗ್ಲಿಷ್ ಲಿಪಿಗಿಂತ ಕನ್ನಡ ಲಿಪಿಯಲ್ಲಿ ಈ ಹೆಸರು ಸರಿಯಾಗಿ ಕೂರುತ್ತದೆ. ಪದದ ಅರ್ಥ ಗುಡ್ಡ. ಒಂದು ಕಟ್ಟು ಇಸ್ಪೀಟಿಗೂ ಗುಡ್ಡಕ್ಕೂ ಏನು ಸಂಬಂಧ ಎಂಬುದೇ ಇಲ್ಲಿನ ಪ್ರಶ್ನೆ.

ಗುಡ್ಡ, ಕಾಡು, ಗುಡ್ಡೆ

‘ಮೊಂತೆ’ ಹುಟ್ಟಿದ್ದು ಬೆಟ್ಟ ಎಂಬರ್ಥದ ಲ್ಯಾಟಿನ್ ಪದದಿಂದ. ಸ್ಪ್ಯಾನಿಷಿನಲ್ಲಿ ಅದಕ್ಕೆ ಬೆಟ್ಟ ಎಂಬ ಅರ್ಥ ಉಳಿದಿರುವ ಜೊತೆಗೆ, ಉಳುಮೆ ಕಾಣದ ಕಾಡುನೆಲ ಎಂಬ ಅರ್ಥವೂ ಸೇರಿದೆ. ದೊಡ್ಡ ಮರಗಳಿದ್ದರೆ ‘ಮೊಂತೆ ಆಲ್ತೊ’, ಬರೀ ಕುರುಚಲಿದ್ದರೆ ‘ಮೊಂತೆ ಬಾಹೊ’. ನೆಲ ಏರಾಗಿರಲೇಬೇಕೆಂದಿಲ್ಲ.

ನಮಗೆ ಇದು ವಿಚಿತ್ರ ಅನಿಸಬೇಕಿಲ್ಲ. ಉತ್ತರ ಕನ್ನಡದ ಅಡಿಕೆ ತೋಟದವರು ‘ಸೊಪ್ಪಿನ ಬೆಟ್ಟ’ ಎಂದಾಗ ಮನಸ್ಸಿಗೆ ಬರುವುದು ಶಿಖರವಲ್ಲ, ತೋಟಕ್ಕೆ ಸೊಪ್ಪು, ದರಕು ತರುವ ಕಾಡು. ದಕ್ಷಿಣ ಕನ್ನಡದಲ್ಲಿ ದನ ಮೇಯಲು ಬಿಡುವ ‘ಗುಡ್ಡೆ’ಯೂ ಹಾಗೆಯೇ, ಗದ್ದೆಯೂ ಅಲ್ಲದ ತೋಟವೂ ಅಲ್ಲದ ಮೇಲಿನ ನೆಲ.

ಘಟ್ಟ ಹತ್ತಿ ಬಯಲುಸೀಮೆಗೆ ಬಂದರೆ ಅದೇ ‘ಗುಡ್ಡೆ’ ರಾಶಿಯಾಗುತ್ತದೆ. ಸಂತೆಯಲ್ಲಿ ತರಕಾರಿ ಗುಡ್ಡೆ ಲೆಕ್ಕದಲ್ಲಿ ಮಾರಾಟವಾಗುತ್ತದೆ, ಹಬ್ಬದ ಮರುದಿನ ಮಾಂಸವನ್ನು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ‘ಮೊಂತೆ’ ಹಿಡಿದ ದಾರಿಯೂ ಇದೇ: ಬೆಟ್ಟದಿಂದ ರಾಶಿಗೆ, ರಾಶಿಯಿಂದ ಎಲೆಗಳ ರಾಶಿಗೆ. ಎಲ್ಲರಿಗೂ ಎಲೆ ಹಂಚಿದ ಮೇಲೆ ನಡುವೆ ಉಳಿಯುವ ಕಟ್ಟನ್ನು, ರಮ್ಮಿ ಆಡುವವರು ‘ಡೆಕ್’ ಎಂದು ಕೈಹಾಕುವ ಆ ಕಟ್ಟನ್ನು, ಸ್ಪ್ಯಾನಿಷಿನಲ್ಲಿ ಇಂದಿಗೂ ‘ಮೊಂತೆ’ ಎನ್ನುತ್ತಾರೆ. ಅದರಿಂದ ಎಲೆ ಎತ್ತುವುದಕ್ಕೆ ಅವರು ಬಳಸುವ ಕ್ರಿಯಾಪದ ‘ರೊಬಾರ್’, ಅಂದರೆ ಕದಿಯುವುದು. ಈ ಪದವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಹಣವೂ ಗುಡ್ಡೆಯಾಯಿತು

ರಾಶಿ ಎಂದ ಮೇಲೆ ಹಣದ ರಾಶಿಯೂ ಬರಲೇಬೇಕು. ಇಟಲಿಯಲ್ಲಿ ‘ಮೊಂತೆ’ ಎಂಬುದು ಹಲವರ ಹಣ ಸೇರಿಸಿದ ನಿಧಿಗೆ ಹೆಸರಾಯಿತು. ಫ್ಲಾರೆನ್ಸ್ ನಗರ 1345ರಲ್ಲಿ ತನ್ನ ಚೂರುಪಾರು ಸಾಲಗಳನ್ನೆಲ್ಲ ಒಂದೇ ಖಾತೆಗೆ ತಂದಾಗ ಅದು ‘ಮೊಂತೆ’ ಎನಿಸಿಕೊಂಡಿತು. ಮುಂದಿನ ಶತಮಾನದಲ್ಲಿ ಬಡವರಿಗೆ ಒಡವೆ, ಬಟ್ಟೆ ಅಡವಿಟ್ಟುಕೊಂಡು ಕಡಿಮೆ ಬಡ್ಡಿಗೆ ಸಾಲ ಕೊಡುವ ‘ಕರುಣೆಯ ಮೊಂತೆ’ಗಳು ಹುಟ್ಟಿದವು. ಅದೇ ಮಾದರಿ ಸ್ಪೇನಿಗೆ ಬಂತು. ಮ್ಯಾಡ್ರಿಡ್‌ನ ‘ಮೊಂತೆ ದೆ ಪಿಯೆದಾದ್’ 1702ರಲ್ಲಿ ಶುರುವಾಯಿತು. ಮೆಕ್ಸಿಕೊ ನಗರದ್ದು 1775ರಲ್ಲಿ ತೆರೆಯಿತು, ಈಗಲೂ ಗಿರವಿ ಹಿಡಿಯುತ್ತಿದೆ. ಹಾಗಾಗಿ ಹದಿನೆಂಟನೆಯ ಶತಮಾನದ ಮೆಕ್ಸಿಕೊದಲ್ಲಿ ಹಣ ಕಳೆದುಕೊಳ್ಳಲು ಒಂದು ಮೊಂತೆ, ಕಳೆದುಕೊಂಡ ಮೇಲೆ ಉಂಗುರ ಅಡವಿಡಲು ಇನ್ನೊಂದು ಮೊಂತೆ!

ಜೂಜಿಗೆ ಹೆಸರು ಬಂದದ್ದು ಎಲೆಯ ರಾಶಿಯಿಂದಲೋ ಹಣದ ರಾಶಿಯಿಂದಲೋ? ಎಲೆಯ ರಾಶಿ ಎನ್ನುವುದೇ ಹೆಚ್ಚು ಸಮಂಜಸ. ಈ ಆಟದಲ್ಲಿ ಆಟಗಾರರ ಕೈಗೆ ಒಂದು ಎಲೆಯೂ ಬರುವುದಿಲ್ಲ. ಎಲ್ಲರ ಕಣ್ಣೂ ಒಬ್ಬನ ಕೈಯಲ್ಲಿರುವ ಕಟ್ಟಿನ ಮೇಲೆ, ಮುಂದೆ ಯಾವ ಎಲೆ ಹೊರಬೀಳುತ್ತದೆ ಎಂಬುದರ ಮೇಲೆ. ಆಟವೆಂದರೆ ಆ ಕಟ್ಟೇ. ಆದರೂ ಅವನ ಮುಂದೆ ಬೆಳ್ಳಿ ನಾಣ್ಯಗಳ ಇನ್ನೊಂದು ಗುಡ್ಡೆ ಇರುತ್ತಿತ್ತು, ಹೆಸರು ಗಟ್ಟಿಯಾಗಿ ನಿಲ್ಲಲು ಅದೂ ನೆರವಾಗಿರಬಹುದು.

ಆ ನಲವತ್ತು ಎಲೆಗಳು

ಸ್ಪೇನಿನ ಕಟ್ಟು ನಮ್ಮ ಐವತ್ತೆರಡರ ಕಟ್ಟಲ್ಲ. ಜಾತಿಗಳು ನಾಲ್ಕೇ, ಆದರೆ ಆಟೀನ್, ಡೈಮಂಡ್, ಇಸ್ಪೀಟ್, ಕಳಾವರ್ ಬದಲು ನಾಣ್ಯ, ಬಟ್ಟಲು, ಕತ್ತಿ, ದೊಣ್ಣೆ. ಅವರ ಮಾತಲ್ಲಿ ಒರೊಸ್, ಕೊಪಸ್, ಎಸ್ಪಾದಸ್, ಬಾಸ್ತೊಸ್. ಪ್ರತಿ ಜಾತಿಯಲ್ಲೂ 1ರಿಂದ 7, ಆಮೇಲೆ 10 ಎಂದು ಅಚ್ಚಾದ ಸೊತ, ಅಂದರೆ ಗುಲಾಮ. 11 ಎಂದು ಅಚ್ಚಾದ ಕುದುರೆ ಸವಾರ. 12 ಎಂದು ಅಚ್ಚಾದ ರಾಜ. ರಾಣಿ ಇಲ್ಲವೇ ಇಲ್ಲ. 8, 9 ಇರುವ ನಲವತ್ತೆಂಟರ ಕಟ್ಟೂ ಉಂಟು, ಮೊಂತೆಗೆ ಅವನ್ನು ತೆಗೆದಿಡುತ್ತಾರೆ. ಹತ್ತು ಸಂಖ್ಯೆ, ನಾಲ್ಕು ಜಾತಿ, ಒಟ್ಟು ನಲವತ್ತು.

ಪ್ರತಿ ಎಲೆಗೂ ಸುತ್ತ ಗೆರೆಯ ಚೌಕಟ್ಟಿರುತ್ತದೆ. ಮೇಲಿನ ಮತ್ತು ಕೆಳಗಿನ ಗೆರೆ ನಾಣ್ಯದ ಎಲೆಯಲ್ಲಿ ಅಖಂಡ, ಬಟ್ಟಲಿನಲ್ಲಿ ಒಂದು ಕಡೆ ತುಂಡು, ಕತ್ತಿಯಲ್ಲಿ ಎರಡು ಕಡೆ, ದೊಣ್ಣೆಯಲ್ಲಿ ಮೂರು ಕಡೆ. ಎಲೆಯನ್ನು ಪೂರ್ತಿ ತೆರೆಯದೆ ಅಂಚನ್ನಷ್ಟೇ ಸರಿಸಿ ಜಾತಿ ತಿಳಿಯಲು ಈ ಏರ್ಪಾಡು. ಈ ಗುರುತಿಗೆ ‘ಪಿಂತ’ ಎಂದು ಹೆಸರು. ಒಬ್ಬನ ಚಹರೆಗೂ ಸ್ಪ್ಯಾನಿಷಿನವರು ‘ಪಿಂತ’ ಎನ್ನುತ್ತಾರೆ.

ಈ ನಾಲ್ಕು ಜಾತಿಗಳು ಈಜಿಪ್ಟಿನ ಮಾಮ್ಲೂಕರ ಕಾಲದ ಎಲೆಗಳಿಂದ ಬಂದವು. ಅಂಥ ಒಂದು ಕಟ್ಟು ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿದೆ. ಅದರಲ್ಲಿ ದೊಣ್ಣೆಯ ಜಾಗದಲ್ಲಿರುವುದು ಪೋಲೊ ಕೋಲು. ಪೋಲೊ ಕಾಣದ ಯುರೋಪಿನವರ ಕೈಯಲ್ಲಿ ಅದು ದೊಣ್ಣೆಯಾಯಿತು. ಆ ಕಟ್ಟಿನಲ್ಲಿ ರಾಜನ ಕೆಳಗಿನ ಎಲೆ ‘ನಾಯಿಬ್’, ರಾಜನ ಪ್ರತಿನಿಧಿ. ಇಸ್ಪೀಟಿನ ಎಲೆಗೆ ಸ್ಪ್ಯಾನಿಷಿನವರು ಹೇಳುವ ‘ನಾಯ್ಪೆ’ ಎಂಬ ಪದಕ್ಕೆ ಇದೇ ಮೂಲ ಎಂದು ಬಹಳ ವಿದ್ವಾಂಸರು ಎಣಿಸುತ್ತಾರೆ. ಅದೇ ‘ನಾಯಿಬ್’ನ ಬಹುವಚನ ಪಾರಸಿ, ಉರ್ದುಗಳ ಮೂಲಕ ಕನ್ನಡಕ್ಕೆ ‘ನವಾಬ’ನಾಗಿ ಬಂದಿದೆ. ಆ ಎಣಿಕೆ ಸರಿಯಾದರೆ ಸ್ಪೇನಿನ ಎಲೆಯೂ ನಮ್ಮ ನವಾಬರೂ ಒಂದೇ ಬಳ್ಳಿಯವು.

ಆಡುವುದು ಹೇಗೆ

ಒಬ್ಬ ಬ್ಯಾಂಕು ಹಿಡಿಯುತ್ತಾನೆ, ಉಳಿದವರೆಲ್ಲ ಅವನ ವಿರುದ್ಧ ಪಣ ಕಟ್ಟುವವರು. ಬ್ಯಾಂಕಿನವನು ಕಟ್ಟನ್ನು ಕಲೆಸುತ್ತಾನೆ, ಆಟಗಾರರಲ್ಲೊಬ್ಬ ಕಟ್ ಮಾಡುತ್ತಾನೆ. ನಂತರ ಕಟ್ಟಿನ ಅಡಿಯಿಂದ ಎರಡು ಎಲೆ ತೆಗೆದು ಮುಖ ಮೇಲಾಗಿ ಇಡುತ್ತಾನೆ. ಈ ಜೋಡಿಗೆ ‘ಅಲ್ಬುರ್’ ಎಂದು ಹೆಸರು. ಆಮೇಲೆ ಕಟ್ಟಿನ ಮೇಲಿನಿಂದ ಎರಡು ಎಲೆ ತೆಗೆದು ಅದರ ಕೆಳಗೆ ಇಡುತ್ತಾನೆ. ಇದು ‘ಗಾಯೊ’, ಅಂದರೆ ಹುಂಜ.

ಅಲ್ಬುರ್‌ನಲ್ಲಿ ಬಟ್ಟಲಿನ 4 ಮತ್ತು ನಾಣ್ಯದ ರಾಜ, ಗಾಯೊದಲ್ಲಿ ಕತ್ತಿಯ 7 ಮತ್ತು ದೊಣ್ಣೆಯ ಸೊತ ಬಂದವು ಎಂದಿಟ್ಟುಕೊಳ್ಳೋಣ. ನೀವು 4ರ ಮೇಲೆ ಹತ್ತು ನಾಣ್ಯ ಇಡುತ್ತೀರಿ. ಎಲ್ಲರೂ ಪಣ ಇಟ್ಟ ಮೇಲೆ ಬ್ಯಾಂಕಿನವನು ಕಟ್ಟನ್ನೇ ಮಗುಚಿ ಹಿಡಿಯುತ್ತಾನೆ. ಈಗ ಅಡಿಯ ಎಲೆ ಮೇಲೆ, ಮುಖ ಕಾಣುವಂತೆ. ಹೀಗೆ ಮೊದಲು ಕಾಣುವ ಎಲೆಗೆ ‘ಪ್ವೆರ್ತ’, ಅಂದರೆ ಬಾಗಿಲು. ಬಾಗಿಲಲ್ಲಿ 2 ಬಂದರೆ ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ. ಒಂದೊಂದೇ ಎಲೆ ಸರಿಸುತ್ತಾ ಹೋಗುತ್ತಾನೆ: 6, ಕುದುರೆ, 1… ಆಮೇಲೆ ಯಾವುದಾದರೂ ಜಾತಿಯ 4 ಬಂದರೆ ನಿಮ್ಮ ಹತ್ತು ನಿಮ್ಮದೇ, ಜೊತೆಗೆ ಇನ್ನೂ ಹತ್ತು. ಅದಕ್ಕೂ ಮೊದಲು ರಾಜ ಬಂದರೆ ಹತ್ತೂ ಹೋಯಿತು. ಇಲ್ಲಿ ಜಾತಿ ಲೆಕ್ಕಕ್ಕಿಲ್ಲ, ಸಂಖ್ಯೆಯೊಂದೇ. 7 ಮತ್ತು ಸೊತದ ಜಗಳ ಬೇರೆ, ಅದು ತನ್ನ ಪಾಡಿಗೆ ಮುಂದುವರಿಯುತ್ತದೆ.

‘ಅಲ್ಬುರ್’ ಎಂಬುದು ಮೂಲದಲ್ಲಿ ಒಂದು ಮೀನಿನ ಹೆಸರು, ಅರಬಿಯಿಂದ ಬಂದದ್ದು. ಈ ಜೂಜಿನ ಜೋಡಿಗೆ ಹೆಸರಾಗಿ, ಅಲ್ಲಿಂದ ‘ಏನಾದರೂ ಆಗಲಿ ಎಂದು ಕೈಹಾಕುವ ಅಪಾಯ’ ಎಂಬ ಅರ್ಥಕ್ಕೆ ಹೊರಳಿತು. ಅಪಾಯ ಮೈಮೇಲೆ ಎಳೆದುಕೊಳ್ಳುವುದಕ್ಕೆ ಸ್ಪ್ಯಾನಿಷಿನವರು ಇಂದಿಗೂ ‘ಅಲ್ಬುರ್ ಓಡುವುದು’ ಎನ್ನುತ್ತಾರೆ. ಆಟ ಮರೆತುಹೋದರೂ ಅದರ ಮಾತು ಮನೆಮಾತಾಗಿ ಉಳಿದಿದೆ.

ಬ್ಯಾಂಕಿನ ಲಾಭ ಬಾಗಿಲಲ್ಲಿ

ಮೇಲಿನ ಆಟದಲ್ಲಿ ಹೊರಗೆ ನಾಲ್ಕು ಎಲೆ ಇವೆ, ಕಟ್ಟಿನಲ್ಲಿ 36. ಅದರಲ್ಲಿ ಮೂರು 4, ಮೂರು ರಾಜ. ಎರಡೂ ಕಡೆ ಸಮ. ಹಾಗಾದರೆ ಬ್ಯಾಂಕು ಹಿಡಿದವನು ಬದುಕುವುದು ಹೇಗೆ? ಉತ್ತರ ಬಾಗಿಲಿನ ಕಟ್ಟಳೆಯಲ್ಲಿದೆ: ಗೆಲ್ಲುವ ಎಲೆ ಬಾಗಿಲಲ್ಲೇ ಬಂದರೆ ಆಟಗಾರನಿಗೆ ಪೂರ್ತಿ ಹಣವಿಲ್ಲ.

ಬಾಗಿಲಲ್ಲೇ ನಿಮ್ಮ ಎಲೆ ಬರುವ ಸಾಧ್ಯತೆ 36ರಲ್ಲಿ 3, ಅಂದರೆ ಹನ್ನೆರಡರಲ್ಲಿ ಒಂದು. ಒಂದೊಂದು ನಾಣ್ಯದಂತೆ 1200 ಸಲ ಆಡಿದಿರಿ ಎನ್ನಿ. ಸರಾಸರಿ 600 ಸಲ ಸೋಲು. ಉಳಿದ 600 ಗೆಲುವಿನಲ್ಲಿ 100 ಬಾಗಿಲ ಗೆಲುವು. ಬಾಗಿಲ ಗೆಲುವಿಗೆ ಪಣವನ್ನಷ್ಟೇ ವಾಪಸು ಕೊಟ್ಟರೆ ನಿಮಗೆ ಬರುವುದು 500, ಹೋಗುವುದು 600. ನೂರಕ್ಕೆ 8.3ರಂತೆ ಬ್ಯಾಂಕಿಗೆ ಉಳಿಯಿತು. ಬಾಗಿಲಲ್ಲಿ ಅರ್ಧ ಹಣ ಕೊಟ್ಟರೆ ಅದು 4.2ಕ್ಕೆ ಇಳಿಯುತ್ತದೆ. ಒಂದೇ ಸೊನ್ನೆಯ ರೂಲೆಟ್ ಚಕ್ರದಲ್ಲಿ ಕ್ಯಾಸಿನೊಗೆ ಉಳಿಯುವುದು 2.7. ಮೇಲ್ನೋಟಕ್ಕೆ ಸಮಸಮ ಕಾಣುವ ಆಟದಲ್ಲಿ ಒಂದೇ ಒಂದು ಎಲೆಯ ಕಟ್ಟಳೆ ಇಷ್ಟು ಮಾಡುತ್ತದೆ.

ಸಮ ಎನ್ನುವುದೂ ಎಲ್ಲ ಸಲ ನಿಜವಲ್ಲ. ಗಾಯೊದಲ್ಲೂ ಒಂದು 4 ಬಿದ್ದಿದ್ದರೆ ಕಟ್ಟಿನಲ್ಲಿ ಉಳಿದ 4 ಎರಡೇ, ರಾಜ ಮೂರು. ಆಗ 4 ಗೆಲ್ಲುವ ಸಾಧ್ಯತೆ ಐದರಲ್ಲಿ ಎರಡು, ರಾಜನದ್ದು ಐದರಲ್ಲಿ ಮೂರು. ಪಣ ಇಡುವ ಮುಂಚೆ ಎರಡೂ ಜೋಡಿಯನ್ನು ನೋಡಿದವನಿಗೂ ಒಂದೇ ಜೋಡಿಯನ್ನು ನೋಡಿದವನಿಗೂ ಇರುವ ಅಂತರ ಇದು.

ಮೋಸ ನುಸುಳುವ ಜಾಗವೂ ಅದೇ ಬಾಗಿಲು. ಅಡಿಯ ಎರಡು ಎಲೆ ಅಲ್ಬುರ್ ಆಗುತ್ತವೆ, ಅವುಗಳ ಮೇಲಿನ ಮೂರನೆಯದು ಬಾಗಿಲಾಗುತ್ತದೆ. ಕಲೆಸುವಾಗ ಅಡಿಯ ಮೂರು ಎಲೆಯನ್ನು ಕದ್ದು ನೋಡಿ, ಕಟ್ ಮಾಡಿದ್ದನ್ನು ಕೈಚಳಕದಿಂದ ಮತ್ತೆ ಮೊದಲಿನಂತೆ ಕೂರಿಸುವವನಿಗೆ ಆಟ ಶುರುವಾಗುವ ಮುಂಚೆಯೇ ಫಲಿತಾಂಶ ಗೊತ್ತಿರುತ್ತದೆ.

ಇಲ್ಲಿಯವರೆಗೆ ಓದಿದ ಕೆಲವರಿಗೆ ಅಂದರ್ ಬಾಹರ್ ನೆನಪಾಗಿರಬಹುದು. ಅಲ್ಲಿಯೂ ಒಂದು ಎಲೆ ತೆರೆದಿಟ್ಟು, ಅದೇ ಸಂಖ್ಯೆಯ ಇನ್ನೊಂದು ಎಲೆ ಬರುವವರೆಗೆ ಹಾಕುತ್ತಾ ಹೋಗುತ್ತಾರೆ. ವ್ಯತ್ಯಾಸವೆಂದರೆ ಅಲ್ಲಿ ಪಣ ಇರುವುದು ಎಲೆ ಯಾವ ಕಡೆ ಬೀಳುತ್ತದೆ ಎಂಬುದರ ಮೇಲೆ. ಮೊದಲ ಎಲೆ ಬೀಳುವ ಕಡೆಗೆ ಸುಮಾರು 51.5, ಇನ್ನೊಂದಕ್ಕೆ 48.5. ಇಲ್ಲಿಯೂ ಮೊದಲ ಎಲೆಯದೇ ಕಾರುಬಾರು.

ಕಡಲಾಚೆ

ಸ್ಪೇನಿನ ಹಡಗು ಹೋದಲ್ಲೆಲ್ಲ ಮೊಂತೆ ಹೋಯಿತು. ಅಮೆರಿಕದ ವಸಾಹತುಗಳಿಗೆ ಎಲೆ ಅಚ್ಚು ಹಾಕಲೆಂದೇ ಮಾಲಗಾ ಸೀಮೆಯ ಮಾಚಾರವಿಯಾಯ ಎಂಬ ಹಳ್ಳಿಯಲ್ಲಿ 1776ರಲ್ಲಿ ರಾಜರ ಕಾರ್ಖಾನೆ ಎದ್ದಿತು. ಎಲೆಯ ಮಾರಾಟ ಸರ್ಕಾರದ ಏಕಸ್ವಾಮ್ಯ, ಜೂಜಿನ ಮೇಲೆ ನಿಷೇಧದ ಆಜ್ಞೆ. ಎರಡೂ ಒಟ್ಟೊಟ್ಟಿಗೆ ನಡೆದವು. ಫಿಲಿಪೀನ್ಸಿನಲ್ಲಿ ಅಕ್ರಮ ಜೂಜಿನ ವಿರುದ್ಧ 1978ರಲ್ಲಿ ಬಂದ ಆದೇಶದ ಪಟ್ಟಿಯಲ್ಲೂ ‘ಮೊಂತೆ’ ಇದೆ.

ಆದರೆ ಹೆಸರು ಇಂಗ್ಲಿಷಿಗೆ ದಾಟಿದ್ದು ಮೆಕ್ಸಿಕೊದ ಮೂಲಕ. ಆಗ ಮೆಕ್ಸಿಕೊದ್ದಾಗಿದ್ದ ಸಾಂತಾ ಫೆ ಊರಿನಲ್ಲಿ ಹೆರ್ತ್ರೂದಿಸ್ ಬಾರ್ಸೆಲೊ ಎಂಬ ಹೆಂಗಸು ಮೊಂತೆಯ ಬ್ಯಾಂಕು ಹಿಡಿದು ದೊಡ್ಡ ಆಸ್ತಿ ಮಾಡಿದಳು. ‘ಲಾ ತೂಲೆಸ್’ ಎಂದೇ ಹೆಸರಾದ ಅವಳು ತೀರಿಕೊಂಡದ್ದು 1852ರಲ್ಲಿ. 1846ರಿಂದ 1848ರ ಯುದ್ಧಕ್ಕೆ ಬಂದ ಅಮೆರಿಕದ ಸಿಪಾಯಿಗಳು ಈ ಆಟ ಕಲಿತರು. 1849ರಲ್ಲಿ ಕ್ಯಾಲಿಫೋರ್ನಿಯಾದ ಚಿನ್ನಕ್ಕೆ ಮುಗಿಬಿದ್ದವರು ಸ್ಯಾನ್ ಫ್ರಾನ್ಸಿಸ್ಕೊದ ಜೂಜುಕಟ್ಟೆಗಳಲ್ಲಿ ಅದನ್ನೇ ಆಡಿದರು.

ಅಲ್ಲಿ ಅದರ ರೂಪ ಬದಲಾಯಿತು. ಇಂಗ್ಲಿಷ್ ನಿಯಮದ ‘ಮಾಂಟಿ ಬ್ಯಾಂಕ್’ನಲ್ಲಿ ಸಂಖ್ಯೆಯ ಬದಲು ಜಾತಿ ನೋಡುತ್ತಾರೆ. ಪಣ ಇರುವುದು ಜೋಡಿಯ ಮೇಲೆ. ಬಾಗಿಲ ಎಲೆಯ ಜಾತಿ ಜೋಡಿಯ ಎರಡರಲ್ಲಿ ಒಂದಕ್ಕೆ ಹೊಂದಿದರೆ ಗೆಲುವು, ಇಲ್ಲವೇ ಸೋಲು. ಒಂದೇ ಎಲೆಗೆ ಆಟ ಮುಗಿಯಿತು. ಜೋಡಿಯಲ್ಲಿ ಎರಡು ಬೇರೆ ಜಾತಿ ಇದ್ದು, ಅವು ಇನ್ನೊಂದು ಜೋಡಿಯಲ್ಲಿ ಇಲ್ಲದಿದ್ದರೆ ಗೆಲ್ಲುವ ಎಲೆ 36ರಲ್ಲಿ 18. ಇನ್ನೊಂದು ಜೋಡಿಯಲ್ಲಿ ಅವೇ ಎರಡು ಜಾತಿ ಇದ್ದರೆ 16. ಜೋಡಿಯ ಎರಡೂ ಎಲೆ ಒಂದೇ ಜಾತಿಯಾದರೆ ಹೆಚ್ಚೆಂದರೆ 8. ಅಂಥ ಜೋಡಿಯ ಮೇಲೆ ಸಮಕ್ಕೆ ಸಮ ಪಣ ಕಟ್ಟುವವನು ಹಣ ಎಸೆದಂತೆಯೇ.

ಮೂರೆಲೆಯ ಮೋಸಕ್ಕೆ ಈ ಹೆಸರೇಕೆ

ಮೂರು ಎಲೆಯ ಆಟಕ್ಕೂ ಮೊಂತೆಗೂ ನಿಯಮದಲ್ಲಿ ಯಾವ ನಂಟೂ ಇಲ್ಲ. ಕೆಳಗಿಟ್ಟ ಎಲೆ, ಎಲೆ ಎಸೆಯುವ ಒಬ್ಬ, ಸುತ್ತ ಪಣ ಕಟ್ಟುವವರು, ಇಷ್ಟೇ ಹೋಲಿಕೆ. ಎಲ್ಲರಿಗೂ ಗೊತ್ತಿದ್ದ ಜೂಜಿನ ಹೆಸರನ್ನು ಹೊದ್ದುಕೊಂಡು ಮೋಸಗಾರರು ಅದನ್ನು ಜೂಜಿನಂತೆ ಕಾಣಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ನದಿ ದೋಣಿಗಳಲ್ಲಿ, ರೈಲುಗಳಲ್ಲಿ ಇದು ದೊಡ್ಡ ದಂಧೆ.

ಅದರ ಕೀಲು ಒಂದೇ ಎಸೆತದಲ್ಲಿದೆ. ಹಿಡಿಯಲು ಅನುಕೂಲವಾಗಲೆಂದು ಎಲೆಗಳನ್ನು ಉದ್ದಕ್ಕೆ ತುಸು ಬಾಗಿಸಿರುತ್ತಾರೆ. ಬಲಗೈಯಲ್ಲಿ ಎರಡು ಎಲೆ, ಒಂದರ ಕೆಳಗೊಂದು, ಹೆಬ್ಬೆರಳು ಮತ್ತು ಬೆರಳುಗಳ ನಡುವೆ. ರಾಣಿ ಕೆಳಗಿನದು. ಎಡಗೈಯಲ್ಲಿ ಒಂದು. ಎಸೆಯುವಾಗ ಮೊದಲು ಬೀಳುವುದು ಕೆಳಗಿನ ಎಲೆ ಎಂದು ನೋಡುವವರ ಕಣ್ಣು ಎಣಿಸುತ್ತದೆ. ಒಂದೆರಡು ಸಲ ಅವನು ಹಾಗೆಯೇ ಎಸೆಯುತ್ತಾನೆ. ಹಣ ಮೇಲೆ ಬಂದಾಗ ಮೇಲಿನ ಎಲೆಯನ್ನು ಮೊದಲು ಜಾರಿಸುತ್ತಾನೆ. ಅಲ್ಲಿಂದ ಮುಂದೆ ನೀವು ಎಷ್ಟೇ ಎಚ್ಚರದಿಂದ ಹಿಂಬಾಲಿಸಿದರೂ ಹಿಂಬಾಲಿಸುವುದು ತಪ್ಪು ಎಲೆಯನ್ನೇ.

ಆಕಸ್ಮಿಕವಾಗಿ ಸರಿಯಾದ ಎಲೆ ತೋರಿಸಿದರೂ ಗೆಲುವಿಲ್ಲ. ಗುಂಪಿನಲ್ಲಿ ನಿಂತ ಅವನ ಕಡೆಯವರೇ ಇನ್ನೊಂದು ಎಲೆಯ ಮೇಲೆ ನಿಮಗಿಂತ ಹೆಚ್ಚು ಹಣ ಇಡುತ್ತಾರೆ, ‘ದೊಡ್ಡ ಪಣ ಮಾತ್ರ’ ಎಂದು ನಿಮ್ಮದನ್ನು ಹಿಂದಿರುಗಿಸುತ್ತಾನೆ. ಅದೂ ಆಗದಿದ್ದರೆ ‘ಪೊಲೀಸ್’ ಎಂಬ ಕೂಗು, ಎಲ್ಲರೂ ಚೆಲ್ಲಾಪಿಲ್ಲಿ. ರಾಣಿಯ ಮೂಲೆ ಮಡಿಸಿ ನಿಮಗೆ ಕಣ್ಣು ಹೊಡೆಯುವ ‘ಹಿತೈಷಿ’ಯೂ ಅವರವನೇ. ಮುಂದಿನ ಎಸೆತದಲ್ಲಿ ಆ ಮಡಿಕೆ ರಾಣಿಯಲ್ಲಿ ಮಾಯವಾಗಿ ಬೇರೆ ಎಲೆಯ ಮೂಲೆಗೆ ಬಂದಿರುತ್ತದೆ.

ಸ್ಪೇನಿನಲ್ಲಿ ಮಾತ್ರ ಈ ಮೋಸಕ್ಕೆ ಮೊಂತೆ ಎನ್ನುವುದಿಲ್ಲ. ಅಲ್ಲಿ ಅದು ‘ತ್ರಿಲೆ’, ಆಡಿಸುವವನು ‘ತ್ರಿಲೆರೊ’. ಬಾರ್ಸೆಲೋನಾದ ಲಾ ರಾಂಬ್ಲಾ ಬೀದಿಯಲ್ಲಿ ಪ್ರವಾಸಿಗರನ್ನು ಮುತ್ತುತ್ತಿದ್ದವರು ಈ ತ್ರಿಲೆರೊಗಳು.

ನೆಂಟರಲ್ಲದ ನೆಂಟರು

ಕ್ಯಾಸಿನೊಗೆ ಹೆಸರಾದ ಮಾಂಟೆ ಕಾರ್ಲೊಗೂ ಈ ಆಟಕ್ಕೂ ಸಂಬಂಧವಿಲ್ಲ. ಮೊನಾಕೊದ ಮೂರನೆಯ ಚಾರ್ಲ್ಸ್ ದೊರೆಯ ಹೆಸರನ್ನು 1866ರಲ್ಲಿ ಆ ಗುಡ್ಡಕ್ಕಿಟ್ಟರು. ಅಲ್ಲಿ ‘ಮಾಂಟೆ’ ಎಂದರೆ ಶುದ್ಧಾಂಗ ಗುಡ್ಡವೇ. ಢೋಂಗಿ ವೈದ್ಯನಿಗೆ ಇಂಗ್ಲಿಷಿನಲ್ಲಿ ಹೇಳುವ ‘ಮೌಂಟೆಬ್ಯಾಂಕ್’ ಕೂಡ ಮಾಂಟಿ ಬ್ಯಾಂಕ್ ಅಲ್ಲ. ಅದು ‘ಬೆಂಚು ಹತ್ತು’ ಎಂಬ ಇಟಾಲಿಯನ್ ಮಾತಿನಿಂದ ಬಂದದ್ದು, ಸಂತೆಯಲ್ಲಿ ಬೆಂಚು ಹತ್ತಿ ಮದ್ದು ಮಾರುವವರ ನೆನಪು. ಇಟಾಲಿಯನ್ನಿನ ‘ಮೊಂತೆಗೆ ಹೋಗುವುದು’ ಎಂಬ ನುಡಿಗಟ್ಟು ಮಾತ್ರ ನಿಜವಾದ ನೆಂಟ. ಕೆಲಸ ಕೈಗೂಡದೆ ಕೆಟ್ಟಿತು ಎಂದು ಅದರ ಅರ್ಥ, ರದ್ದಾದ ಆಟದ ಎಲೆಗಳನ್ನು ರಾಶಿಗೆ ಎಸೆಯುವುದರಿಂದ ಹುಟ್ಟಿದ್ದು.

ವಾಕ್ಯದಲ್ಲಿ ಯಾವ ಮೊಂತೆ ಎಂದು ತಿಳಿಯುವುದು ಹೇಗೆ

ಸ್ಪ್ಯಾನಿಷ್ ಕಲಿಯುತ್ತಿರುವವರು ಎಡವುವುದು ಇಲ್ಲೇ. ‘ಇರ್ ಆಲ್ ಮೊಂತೆ’ ಎಂದರೆ ಬೆಟ್ಟಕ್ಕೋ ಕಾಡಿಗೋ ಹೋಗುವುದು. ‘ಎಚಾರ್ಸೆ ಆಲ್ ಮೊಂತೆ’ ಎಂದರೆ ಸರ್ಕಾರಕ್ಕೆ ಸೆಡ್ಡು ಹೊಡೆದು ಕಾಡು ಸೇರುವುದು. ‘ಹುಗಾರ್ ಆಲ್ ಮೊಂತೆ’, ಅಂದರೆ ಆಡು ಎಂಬ ಕ್ರಿಯಾಪದ ಜೊತೆಗಿದ್ದರೆ, ಅದು ಈ ಜೂಜು. ಇನ್ನು ‘ರೊಬಾರ್ ದೆಲ್ ಮೊಂತೆ’ ಎಂಬುದನ್ನು ನಿಘಂಟು ಹಿಡಿದು ಪದಕ್ಕೆ ಪದ ಕೂಡಿಸಿದವರಿಗೆ ಸಿಗುವುದು ‘ಕಾಡಿನಿಂದ ಕಳವು’. ಇಸ್ಪೀಟಿನ ಮೇಜಿನಲ್ಲಿ ಅದರ ಅರ್ಥ, ನಡುವಿನ ಕಟ್ಟಿನಿಂದ ಒಂದು ಎಲೆ ಎತ್ತಿಕೋ.